ಪಡುವಣ ಗೋಡೆಗೆ ವಿನೈಲ್ ಹಾಕಿದ ಕತೆ

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ಊರು. ಜಂಬಿಟ್ಟಿಗೆ ಗೋಡೆ, ಮೇಲೆ ಸಿಮೆಂಟ್ ಗಾರೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ಪಡುವಣದಿಂದ ಅಡ್ಡಡ್ಡ ಬಂದು ಗೋಡೆಗೆ ಬಡಿಯುತ್ತದೆ. ಒಳಗೆ ಬೀರುವಿನ ಹಿಂದೆಲ್ಲಾ ಬೂಸ್ಟು. ಅಪ್ಪನ ಕಾಲದಲ್ಲಿ ಪ್ರತಿ ವರ್ಷ ಸೋಗೆ ತಟ್ಟಿ ಕಟ್ಟುತ್ತಿದ್ದರು. ಈಗ ಅದಕ್ಕೆ ಆಳು ಸಿಗಲ್ಲ, ಸಿಕ್ಕರೂ ವರ್ಷಕ್ಕೆ ಎಂಟೊಂಬತ್ತು ಸಾವಿರ ಹೋಗುತ್ತಿತ್ತು. ಎರಡು ಸಲ ನೀರು ತಡೆಯುವ ಪೇಂಟ್ ಬಳಿಸಿದೆ, ನಲವತ್ತು ಸಾವಿರದ ಮೇಲಾಯಿತು, ಎರಡನೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು.

ವಿನೈಲ್ ಸೈಡಿಂಗ್, ಅಂದರೆ ಗೋಡೆಯ ಹೊರಮೈಗೆ ಹೊದಿಸುವ ಪ್ಲಾಸ್ಟಿಕ್ (ಪಿವಿಸಿ) ಹಾಳೆ, ಹಾಕ್ತೀನಿ ಅಂದಾಗ ಭಾವ ನಕ್ಕರು. "ಪ್ಲಾಸ್ಟಿಕ್ ಡಬ್ಬಿಯೊಳಗೆ ಸಂಸಾರ ಮಾಡ್ತೀಯೇನೋ ಮಾರಾಯ?" ಮೇಸ್ತ್ರಿ ಇನ್ನೂ ಮುಂದೆ ಹೋಗಿ, ಒಂದು ಗಾಳಿಗೆ ಎಲ್ಲಾ ಹಾರಿ ತುಂಗಾ ಹೊಳೆ ಸೇರುತ್ತೆ ಅಂದ. ಮೊದಲನೇ ವರ್ಷ ಇಬ್ಬರ ಮಾತೂ ನಿಜ ಅನ್ನಿಸಿತು ಅನ್ನಿ.

ಆ ವರ್ಷ ದುಡ್ಡು ಉಳಿಸೋಕೆ ಹೋಗಿ ಹಾಳೆಯ ಹಿಂದಿನ ಚೌಕಟ್ಟಿಗೆ ಅಡಿಕೆ ದಬ್ಬೆ ಹಾಕಿದ್ದೆ. ತೋಟದಲ್ಲಿ ಬಿದ್ದಿತ್ತು, ಬಿಟ್ಟಿ. ಒಂದೇ ಮಳೆಗಾಲಕ್ಕೆ ಗೆದ್ದಲು ತಿಂದಿತು. ಹಾಳೆ ಹೊಡೆಯೋಕೆ ಕರೆದ ಬಡಗಿ ಕೆಲಸದಲ್ಲಿ ಚೊಕ್ಕ, ಅದೇ ತೊಂದರೆಯಾಯಿತು. ಡಿಸೆಂಬರಿನ ಚಳಿ ಬೆಳಿಗ್ಗೆ ಪ್ರತಿ ಮೊಳೆಯನ್ನೂ ತಲೆ ಕೂರುವವರೆಗೆ ಹೊಡೆದ. ಮಾರ್ಚ್ ಬಿಸಿಲಿಗೆ ಗೋಡೆಯೆಲ್ಲಾ ಡೊಳ್ಳು ಹೊಟ್ಟೆ. ಹನ್ನೆರಡು ಅಡಿ ಹಾಳೆ ಚಳಿಗೂ ಬಿಸಿಲಿಗೂ ಹತ್ತಿರ ಹತ್ತಿರ ಅರ್ಧ ಇಂಚು ಹಿಗ್ಗಿ ಕುಗ್ಗುತ್ತದೆ, ಅದಕ್ಕೆ ಜಾಗ ಬೇಡವಾ? ಮಜೂರಿ ಹದಿನಾಲ್ಕು ಸಾವಿರ ನೀರಿಗೆ ಹೋಯಿತು.

ಎರಡನೇ ಸಲ ನಾನೇ ಕೂತೆ, ಜೊತೆಗೆ ತಮ್ಮನ ಮಗ. ಚೌಕಟ್ಟಿಗೆ ಜಿಐ ಚಾನಲ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪಟ್ಟಿ. ಜಂಬಿಟ್ಟಿಗೆಯಲ್ಲಿ ಸ್ಕ್ರೂ ಹಿಡಿಯೋಕೆ ಹಾಕುವ ಗಿಟ್ಟಿ ನಿಲ್ಲಲ್ಲ, ತೂತು ಪುಡಿಪುಡಿ ಉದುರುತ್ತದೆ, ಗೊತ್ತಲ್ಲ. ತೂತಿಗೆ ಮೊದಲು ಒಂದು ವಸ್ತು ತುಂಬಿ ಎರಡು ದಿನ ಬಿಟ್ಟು ಆಮೇಲೆ ಗಿಟ್ಟಿ ಹಾಕಿದೆ, ಎರಡು ಮಳೆಗಾಲ ಕಳೆದರೂ ಒಂದೂ ಅಲ್ಲಾಡಿಲ್ಲ. ಅದೇನು ಅಂತ ಇಲ್ಲಿ ಬರೆಯಲ್ಲ, ಮನೆಗೆ ಬನ್ನಿ, ಕಾಫಿ ಕುಡೀತಾ ಹೇಳ್ತೀನಿ.

ಬಿಗಿ ಎಷ್ಟಿರಬೇಕು ಅನ್ನೋದಕ್ಕೆ ಒಂದು ರೂಪಾಯಿ ನಾಣ್ಯ ಇಟ್ಟುಕೊಂಡೆ. ಹಾಳೆಯ ಮೇಲಂಚಿನ ಉದ್ದ ತೂತಿನ ನಡುವೆ ಸ್ಕ್ರೂ, ಸ್ಕ್ರೂ ತಲೆಗೂ ಹಾಳೆಗೂ ಮಧ್ಯೆ ನಾಣ್ಯ, ತಿರುಗಿಸಿ ನಿಲ್ಲಿಸು, ನಾಣ್ಯ ಎಳೆದುಕೋ. ಹಾಳೆಯನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಎಳೆದರೆ ಸರ್ರನೆ ಜಾರಬೇಕು. ಜಾರದಿದ್ದರೆ ಬಿಚ್ಚಿ ಮತ್ತೆ ಹಾಕು. ಹುಡುಗ ಮೊದಲ ದಿನ ನಲವತ್ತು ಸ್ಕ್ರೂ ಬಿಚ್ಚಿದ, ಮೂರನೇ ದಿನಕ್ಕೆ ನಾಣ್ಯವೇ ಬೇಡವಾಯಿತು. ಹಾಳೆಯ ತುದಿ ಕೂರುವ ಜೆ ಆಕಾರದ ಪಟ್ಟಿ, ಅಂದರೆ ಜೆ ಚಾನಲ್ ಒಳಗೆ ತುದಿಗೆ ಕಾಲು ಇಂಚು ಬಿಟ್ಟೆವು, ಚಳಿಗಾಲದಲ್ಲಿ ಹಾಕುವವರು ಇನ್ನೂ ಸ್ವಲ್ಪ ಜಾಸ್ತಿ ಬಿಡಿ.

ಬಣ್ಣದ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ಹೆಂಡತಿಗೆ ಕಾಫಿ ಬಣ್ಣ, ನನಗೆ ಕೆನೆ ಬಣ್ಣ. ಎರಡರ ತುಂಡನ್ನೂ ಏಪ್ರಿಲ್ ಪೂರ್ತಿ ಕೊಟ್ಟಿಗೆಯ ತಗಡಿನ ಮೇಲೆ ಇಟ್ಟೆ. ಕಾಫಿ ಬಣ್ಣದ್ದು ಸೊಟ್ಟಗಾಯಿತು. ಈ ಒಂದು ಸಲ ನಾನು ಗೆದ್ದೆ.

ಬಚ್ಚಲು ಮನೆ ಮಾತ್ರ ಮರೆತೇ ಹೋಗಿತ್ತು! ಹಂಡೆ ಒಲೆಯ ಹೊಗೆ ಕೊಳವೆ ಅದೇ ಗೋಡೆಯಲ್ಲಿ ಹೊರಗೆ ಬರುತ್ತದೆ. ಒಂದು ದಿನ ಮನೆಗೆ ನೆಂಟರು ತುಂಬಿದ್ದರು, ಬೆಳಗಿನಿಂದ ಒಲೆ ಉರಿದೇ ಉರಿಯಿತು, ಸಂಜೆಗೆ ಕೊಳವೆ ಪಕ್ಕದ ಎರಡು ಹಾಳೆ ನೆನೆದ ಹಪ್ಪಳದ ಹಾಗೆ ಜೋತುಬಿದ್ದಿದ್ದವು. ಈಗ ಅಲ್ಲಿ ಸುತ್ತ ಒಂದೂವರೆ ಅಡಿ ಅಲ್ಯೂಮಿನಿಯಂ ತಗಡು ಇದೆ, ನೋಡೋಕೆ ಚೆನ್ನಾಗಿಲ್ಲ, ಇರಲಿ.

ಇನ್ನೊಂದು ತಪ್ಪು ನಾನಿಲ್ಲದಾಗ ಆಯಿತು. ಹಾಳೆಯ ಅಡಿಯಲ್ಲಿ ಸಣ್ಣ ತೂತುಗಳಿರುತ್ತವಲ್ಲ, ನೀರು ಇಳಿಯೋಕೆ? ಕಿಟಕಿ ಕೆಲಸಕ್ಕೆ ಬಂದವನು "ಇಲ್ಲಿಂದ ನೀರು ಒಳಗೆ ಹೋಗುತ್ತೆ" ಅಂತ ಸಿಲಿಕೋನ್ ಮೆತ್ತಿಬಿಟ್ಟ. ಪುಷ್ಯ ಮಳೆಯಲ್ಲಿ ಹಾಳೆಯ ಹಿಂದೆ ನೀರು ನಿಂತಿತು. ಒಂದು ಭಾನುವಾರ ಪೂರ್ತಿ ಕೂತು ಕಡ್ಡಿಯಲ್ಲಿ ಕೆರೆದೆ. ಸೈಡಿಂಗ್ ಹಿಂದೆ ಒಂದಿಷ್ಟು ನೀರು ಹೋಗೇ ಹೋಗುತ್ತದೆ, ಹೋದದ್ದು ಇಳಿದು ಬರಬೇಕು, ಗಾಳಿ ಆಡಬೇಕು. ನಮ್ಮ ಸೋಗೆ ತಟ್ಟಿಯೂ ಇದನ್ನೇ ಮಾಡುತ್ತಿತ್ತು ಅಲ್ವಾ? ಇದು ತಲೆಗೆ ಹೊಳೆದ ಮೇಲೆ ಹಿಂದೆ ಒಂದಿಂಚು ಸಂದು ಬಿಟ್ಟದ್ದು ಸರಿ ಅನ್ನಿಸಿತು. ಸಂದಿನ ಬುಡಕ್ಕೆ ಸ್ಟೀಲ್ ಜಾಲರಿ ಹೊಡೆಯಿರಿ, ಇಲ್ಲದಿದ್ದರೆ ಕಣಜದ ಹುಳ ಮನೆ ಮಾಡುತ್ತದೆ, ನನಗೆ ಕಿವಿ ಹತ್ತಿರ ಎರಡು ಕಡಿತ ಆಗಿದೆ.

ಖರ್ಚು ನೆನಪಿನಿಂದ ಹೇಳುವುದಾದರೆ, ಎರಡು ಗೋಡೆ ಸೇರಿ ಆರುನೂರು ಚದರಡಿಯ ಹತ್ತಿರ, ಹಾಳೆ ಮತ್ತು ಪಟ್ಟಿಗಳಿಗೆ ಲಕ್ಷದ ಹತ್ತು ಸಾವಿರ, ಬೆಂಗಳೂರಿಂದ ತಂದ ಬಾಡಿಗೆ ಆರು, ಚಾನಲ್ ಸ್ಕ್ರೂ ಎಲ್ಲಾ ಇಪ್ಪತ್ತೆಂಟು. ಹಾಳು ಮಾಡಿಕೊಂಡದ್ದು ಬೇರೆ ಲೆಕ್ಕ.

ಪಾಚಿ ಇದರ ಮೇಲೂ ಬರುತ್ತದೆ, ಬರಲ್ಲ ಅಂದವರನ್ನು ನಂಬಬೇಡಿ. ಮೂರು ಪಾಲು ವಿನೆಗರ್, ಏಳು ಪಾಲು ನೀರು, ಮೆತ್ತಗಿನ ಬ್ರಶ್, ಕೆಳಗಿಂದ ಮೇಲಕ್ಕೆ ಉಜ್ಜಿದರೆ ಹೋಗುತ್ತದೆ.

ಬೀರುವಿನ ಹಿಂದೆ ಈ ಸಲ ಕೈ ಆಡಿಸಿದೆ, ಒಣಗಿತ್ತು. ಭಾವ ಮೊನ್ನೆ ಟೇಪು ಹಿಡಿದುಕೊಂಡೇ ಬಂದಿದ್ದರು. ಅಟ್ಟದಲ್ಲಿ ಉಳಿದ ಏಳು ಹಾಳೆಯ ಮೇಲೂ ಕಣ್ಣು ಬಿತ್ತು. ಅವನ್ನು ಮಾತ್ರ ಕೊಡಲ್ಲ ಅಂದೆ. ನಾಳೆ ತೆಂಗಿನಕಾಯಿ ಬಿದ್ದು ಒಂದು ಒಡೆದರೆ ಅದೇ ಕೆನೆ ಬಣ್ಣ ಎಲ್ಲಿಂದ ತರಲಿ?