ಎಲ್‌ಜಿಬಿಟಿಕ್ಯೂ ಮಂದಿಗೆ ನಮ್ಮೂರಲ್ಲೊಂದು ಜಾಗ: ಶುರು ಮಾಡುವುದು ಹೇಗೆ?

ಬೆಂಗಳೂರಿನಲ್ಲಿ 2008ರಿಂದ ಎಲ್‌ಜಿಬಿಟಿಕ್ಯೂ ಮಂದಿಯ (ಗೇ, ಲೆಸ್ಬಿಯನ್, ಟ್ರಾನ್ಸ್ ಮೊದಲಾದವರ) ಪ್ರೈಡ್ ಮೆರವಣಿಗೆ ನಡೆಯುತ್ತಿದೆ. ವಯಸ್ಕರು ಒಪ್ಪಿಕೊಂಡ ಸಲಿಂಗ ಸಂಬಂಧ ಅಪರಾಧವಲ್ಲ ಅಂತ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಹುಬ್ಬಳ್ಳಿಯ ಗೇ ಹುಡುಗನೊಬ್ಬ, ಧಾರವಾಡದ ಹಾಸ್ಟೆಲ್ಲಿನ ಲೆಸ್ಬಿಯನ್ ಹುಡುಗಿಯೊಬ್ಬಳು ತಮ್ಮಂಥವರ ಜೊತೆ ಎರಡು ತಾಸು ಕೂತು ಮಾತಾಡಬೇಕೆಂದರೆ ಎಲ್ಲಿಗೆ ಹೋಗಬೇಕು? ಉಣಕಲ್ ಕೆರೆ ದಂಡೆಗೆ ಹೋದರೆ ಗುರುತಿನವರು ಸಿಗುತ್ತಾರೆ. ಡೇಟಿಂಗ್ ಆ್ಯಪ್‌ನಲ್ಲಿ ಸಿಕ್ಕವರು ಯಾರು ಅನ್ನುವುದೇ ಗೊತ್ತಿರುವುದಿಲ್ಲ. ಎಚ್‌ಐವಿ ತಡೆ ಕಾರ್ಯಕ್ರಮದ ಡ್ರಾಪ್-ಇನ್ ಸೆಂಟರ್‌ಗಳು ಮಾಡುವ ಕೆಲಸ ದೊಡ್ಡದು. ಆದರೆ ಅವು ಮುಖ್ಯವಾಗಿ ಆರೋಗ್ಯಕ್ಕೆ ಇರುವಂಥವು. ಸುಮ್ನೆ ಬಂದು ಕೂತು ಹೋಗಲು ಒಂದು ಜಾಗ ಬೇಕು. ಅದನ್ನು ನಾಲ್ಕೈದು ಜನ ಸೇರಿ ಕಟ್ಟಬಹುದು.

ಮೊದಲು ನೆಪ, ಆಮೇಲೆ ರೂಮು

ಹೆಚ್ಚಿನವರು ರೂಮು ಹುಡುಕುವುದರಿಂದ ಶುರು ಮಾಡುತ್ತಾರೆ. ಅದಕ್ಕೂ ಮೊದಲು ಯೋಚಿಸಬೇಕಾದ ಮಾತು ಬೇರೆ ಇದೆ. ಬಂದವರು ಮನೆಗೆ ಹೋದಾಗ "ಎಲ್ಲಿಗೆ ಹೋಗಿದ್ದಿ?" ಅಂತ ಅವ್ವ ಕೇಳಿದರೆ ಏನು ಹೇಳಬೇಕು? ಇದಕ್ಕೆ ಸಲೀಸಾದ ಉತ್ತರ ಇಲ್ಲದಿದ್ದರೆ ಎಷ್ಟು ಚೆಂದದ ಜಾಗ ಮಾಡಿದರೂ ಮುಕ್ಕಾಲು ಪಾಲು ಮಂದಿ ಬರುವುದಿಲ್ಲ.

ಆದ್ದರಿಂದ ನಿಜವಾಗಿಯೂ ನಡೆಯುವ ಒಂದು ಚಟುವಟಿಕೆ ಇಟ್ಟುಕೊಳ್ಳಿ. ಪುಸ್ತಕ ಓದುವ ಬಳಗ, ಸ್ಪೋಕನ್ ಇಂಗ್ಲಿಷ್, ಹೊಲಿಗೆ, ನಾಟಕದ ತಾಲೀಮು, ಯಾವುದಾದರೂ ಆದೀತು. ಧಾರವಾಡದಲ್ಲಂತೂ ಸಾಹಿತ್ಯದ, ನಾಟಕದ ಕೂಟಕ್ಕೆ ಹೋಗಿ ಬಂದೆ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ನೆಪ ಅಂದೆ, ಆದರೆ ಅದು ಸುಳ್ಳಾಗಿರಬಾರದು. ವಾರಕ್ಕೊಮ್ಮೆ ಒಂದು ತಾಸು ಓದೇ ಓದಿ. ಮಾತು ಹೊರಡದ ಹೊಸಬರಿಗೂ ಅದು ಆಸರೆ. ಕೈಯಲ್ಲೊಂದು ಪುಸ್ತಕ ಇದ್ದರೆ ಯಾರ ಮುಖವನ್ನೂ ನೋಡದೆ ಕೂರಬಹುದು ಅಲ್ವಾ?

ದಿನ ಮತ್ತು ಹೊತ್ತು ಬದಲಾಯಿಸಬೇಡಿ. ಭಾನುವಾರ ಹನ್ನೊಂದು ಗಂಟೆ ಅಂದರೆ ಭಾನುವಾರ ಹನ್ನೊಂದು ಗಂಟೆ. ಇಬ್ಬರೇ ಬರಲಿ, ಒಬ್ಬರೂ ಬಾರದಿರಲಿ, ಬಾಗಿಲು ತೆರೆದಿರಬೇಕು. ಧೈರ್ಯ ಮಾಡಿ ಮೊದಲ ಸಲ ಬಂದವರಿಗೆ ಬೀಗ ಕಂಡರೆ ಅವರು ಮತ್ತೆ ಬರುವುದು ಕಷ್ಟ.

ಎಲ್ಲಿ, ಎಂಥ ರೂಮು?

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ. ವಿದ್ಯಾನಗರ, ಉಣಕಲ್, ನವನಗರದ ಕಡೆ ನೋಡಬಹುದು. ಎರಡೂ ಊರಿನವರಿಗೆ ಅನುಕೂಲ. ಕಾಲೇಜು ಹುಡುಗರ ಓಡಾಟ ಇರುವ ಕಡೆ ಹೊಸ ಮುಖ ಯಾರ ಕಣ್ಣಿಗೂ ಬೀಳುವುದಿಲ್ಲ. ಗದಗ, ಹಾವೇರಿಯವರು ಎಷ್ಟೋ ಸಲ ತಮ್ಮೂರಿಗಿಂತ ಹುಬ್ಬಳ್ಳಿಯೇ ವಾಸಿ ಅನ್ನುತ್ತಾರೆ. ಇಲ್ಲಿ ಅವರನ್ನು ಗುರುತಿಸುವವರು ಕಡಿಮೆ. ಅವರು ಬೆಳಗ್ಗೆ ಬಂದು ಸಂಜೆಯ ಬಸ್ಸಿಗೋ ರೈಲಿಗೋ ವಾಪಸ್ ಹೋಗುವಂತೆ ಹೊತ್ತು ಹೊಂದಿಸಿ.

ಬಾಗಿಲು ಸೀದಾ ರಸ್ತೆಗೆ ತೆರೆಯುವುದು ಬೇಡ. ಚಪ್ಪಲಿ ಗೂಡು ಒಳಗಡೆಯೇ ಇರಲಿ. ಇದು ಸಣ್ಣ ಮಾತಲ್ಲ. ಮೆಟ್ಟಿಲ ಮೇಲೆ ಹದಿನೈದು ಜೊತೆ ಚಪ್ಪಲಿ ಕಂಡರೆ ಇಡೀ ಓಣಿ ಲೆಕ್ಕ ಹಾಕಲು ಶುರು ಮಾಡುತ್ತದೆ. ಒಂದು ಒಳಕೋಣೆ, ಅದಕ್ಕೆ ಒಳಗಿನಿಂದ ಚಿಲಕ, ಆಳೆತ್ತರದ ಕನ್ನಡಿ, ಕೀಲಿ ಇರುವ ಕಪಾಟು ಬೇಕೇ ಬೇಕು. ಮನೆಯಲ್ಲಿ ಸೀರೆ ಇಟ್ಟುಕೊಳ್ಳಲಾಗದ ಟ್ರಾನ್ಸ್ ಹೆಣ್ಣುಮಗಳು ಅದನ್ನು ಈ ಕಪಾಟಿನಲ್ಲಿ ಇಡುತ್ತಾಳೆ. ವಾರಕ್ಕೊಮ್ಮೆ ಬಂದು ಉಟ್ಟು, ಕನ್ನಡಿ ಮುಂದೆ ನೆರಿಗೆ ಸರಿ ಮಾಡಿಕೊಳ್ಳುತ್ತಾಳೆ. ಮಡಚಿಟ್ಟು ಹೋಗುತ್ತಾಳೆ. ಬಾಡಿಗೆ ಕೊಡುವುದು ಇದಕ್ಕೇ ಅಂದರೂ ತಪ್ಪಿಲ್ಲ.

ಮಾಲೀಕರಿಗೆ ಹೇಳಬೇಕೋ ಬೇಡವೋ ಅನ್ನುವ ಬಗ್ಗೆ ಎರಡು ಅಭಿಪ್ರಾಯಗಳಿವೆ. ಅಡ್ವಾನ್ಸ್ ಕೊಡುವ ಮೊದಲೇ ಹೇಳಿಬಿಡಿ ಅನ್ನುವುದು ನನ್ನ ಮಾತು. ಮುಚ್ಚಿಟ್ಟರೆ ಎರಡು ತಿಂಗಳಲ್ಲಿ ಗೊತ್ತಾಗುತ್ತದೆ, ಸಾಮಾನು ಬೀದಿಗೆ ಬರುತ್ತದೆ. ನಾಲ್ಕು ಮಂದಿ ಇಲ್ಲ ಅಂದರೂ ಐದನೆಯವರು ಹೂಂ ಅಂದಾರು. ಏತಕ್ಕೆ ಬಳಸುತ್ತೀರಿ ಅನ್ನುವುದು ಬಾಡಿಗೆ ಕರಾರಿನಲ್ಲೂ ಇರಲಿ. ಓಣಿಗೆಲ್ಲ ಸಾರಬೇಕಿಲ್ಲ, ಬೋರ್ಡೂ ಬೇಡ.

ಯಾರ ಜಾಗ ಇದು?

ಯಲ್ಲಮ್ಮನಿಗೆ ಮುಡಿಪಾದ ಟ್ರಾನ್ಸ್ ಹೆಣ್ಣುಮಕ್ಕಳು, ಅಂದರೆ ಜೋಗತಿಯರು, ನಮ್ಮ ಕಡೆ ಯಾರಿಗೂ ಹೊಸಬರಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದವರೆಲ್ಲ ನೋಡಿರುತ್ತಾರೆ. ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೂ ಜೋಗತಿಯ ಕಾಲಿಗೆ ಬಿದ್ದು ಆಶೀರ್ವಾದ ಪಡೆಯುವ ಮಂದಿಯೇ ಅವಳಿಗೆ ಬಾಡಿಗೆ ಮನೆ ಕೊಡಲು ಹಿಂದೆ ಸರಿಯುತ್ತಾರೆ.

ಒಳಗಿನ ತೊಡಕೂ ಇದೆ. ಜೋಗತಿಯರು, ಮಂಗಳಮುಖಿಯರು ಊರಿಗೆಲ್ಲ ಗೊತ್ತಿರುವವರು. ಇಂಜಿನಿಯರಿಂಗ್ ಓದುವ ಗೇ ಹುಡುಗ ಯಾರಿಗೂ ಗೊತ್ತಾಗಬಾರದು ಅಂತ ಬದುಕುವವನು. "ಅವರ ಜೊತೆ ನನ್ನನ್ನು ಯಾರಾದರೂ ನೋಡಿದರೆ?" ಅಂತ ಅವನು ಹೆದರುತ್ತಾನೆ. ಆ ಮಾತು ಕಿವಿಗೆ ಬಿದ್ದರೆ ಅವರಿಗೆ ನೋವಾಗುತ್ತದೆ. ಅವನ ಹೆದರಿಕೆ ನಿಜ, ಅವರ ನೋವೂ ನಿಜ. ಶುರುವಿನಲ್ಲಿ ಬೇರೆ ಬೇರೆ ಹೊತ್ತು ಇಡಿ, ತಿಂಗಳಿಗೊಮ್ಮೆ ಎಲ್ಲರೂ ಸೇರಿ. ಆದರೆ ಹಿರಿಯ ಟ್ರಾನ್ಸ್ ಹೆಣ್ಣುಮಕ್ಕಳನ್ನು ಹೊರಗಿಟ್ಟು "ಮರ್ಯಾದಸ್ಥರ" ಕೂಟ ಮಾಡಬೇಡಿ. ಪೊಲೀಸು, ಆಸ್ಪತ್ರೆ, ಕಚೇರಿ ಎಲ್ಲವನ್ನೂ ಎದುರಿಸಿ ಗೊತ್ತಿರುವವರು ಅವರೇ.

ಎಲ್ಲರಿಗಿಂತ ಕಡಿಮೆ ಬರುವವರು ಹೆಣ್ಣುಮಕ್ಕಳು ಮತ್ತು ಟ್ರಾನ್ಸ್ ಗಂಡಸರು. ಸಂಜೆ ಮನೆಯಿಂದ ಹೊರಡಲು ಅವರಿಗೆ ಆಗುವುದೇ ಇಲ್ಲ. ಹಗಲಿನ ಒಂದು ಹೊತ್ತು ಅವರದೇ ಆಗಿರಲಿ, ಬಾಗಿಲಲ್ಲಿ ನಿಲ್ಲುವವರೂ ಅವರಲ್ಲೇ ಒಬ್ಬರಾಗಿರಲಿ.

ಗೋಡೆಗೆ ಬರೆದು ಅಂಟಿಸುವ ನಿಯಮ ಮೂರು ಸಾಕು. ಫೋಟೊ ತೆಗೆಯಬಾರದು. ಇಲ್ಲಿ ಕಂಡವರ ಹೆಸರನ್ನು ಹೊರಗೆ ಹೇಳಬಾರದು. ಬೇಡ ಅಂದವರನ್ನು ಮುಟ್ಟಬಾರದು. ಹಾಜರಿ ಪುಸ್ತಕದಲ್ಲಿ ನಿಜ ಹೆಸರು ಬೇಕಿಲ್ಲ, ಕರೆಯುವ ಹೆಸರು ಸಾಕು. ಹೊಸಬರಿಗೆ ವಿಳಾಸ ಕೊಡುವ ಮೊದಲು ಇಬ್ಬರು ಹೋಗಿ ಹೊರಗೆ ಚಹಾದ ಅಂಗಡಿಯಲ್ಲಿ ಮಾತಾಡಿಸಿ.

ಕಾಗದಪತ್ರ ಮತ್ತು ದುಡ್ಡು

ಮೊದಲ ವರ್ಷ ನೋಂದಣಿಯ ಗೋಜು ಬೇಡ. ಚಂದಾ ಎತ್ತಿ, ಲೆಕ್ಕ ಬರೆದಿಡಿ, ತಿಂಗಳಿಗೊಮ್ಮೆ ಎಲ್ಲರೆದುರು ಓದಿ. ಮುಂದೆ ಸಂಘ ಮಾಡುವುದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಜನ ಬೇಕು. ಆ ಹೆಸರುಗಳು ಸರ್ಕಾರಿ ದಾಖಲೆಗೆ ಹೋಗುತ್ತವೆ. ಮನೆಯಲ್ಲಿ ಹೇಳಿಕೊಳ್ಳದವರನ್ನು ಅದಕ್ಕೆ ಎಳೆಯಬೇಡಿ. ನಿಮ್ಮ ಪರ ನಿಲ್ಲುವ ವಕೀಲರು, ನಿವೃತ್ತ ಮೇಷ್ಟ್ರು, ಬಹಿರಂಗವಾಗಿ ಬದುಕುವ ಗೆಳೆಯರು ಸಹಿ ಹಾಕಲಿ. ವಿದೇಶದ ದುಡ್ಡನ್ನು ಕೇಂದ್ರದ ಅನುಮತಿ ಇಲ್ಲದೆ ಮುಟ್ಟಬೇಡಿ.

ಆಪತ್ತು ಬರುವ ಮೊದಲೇ

ಯಾರನ್ನೋ ಮನೆಯಿಂದ ಹೊರಹಾಕಿದ ಫೋನು ರಾತ್ರಿಯೇ ಬರುತ್ತದೆ. ಆ ರಾತ್ರಿ ಎಲ್ಲಿ ಮಲಗಿಸುತ್ತೀರಿ, ದುಡ್ಡು ಎಲ್ಲಿಂದ, ಇದನ್ನೆಲ್ಲ ಇಂದೇ ತೀರ್ಮಾನಿಸಿ. 18 ತುಂಬದವರಾದರೆ ನೀವೇ ಇಟ್ಟುಕೊಳ್ಳಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ವಯಸ್ಕರಾಗಿದ್ದು, ಮನೆಯವರು ಕಾಣೆಯಾಗಿದ್ದಾರೆಂದು ದೂರು ಕೊಟ್ಟರೆ ವಕೀಲರನ್ನು ಕರೆದುಕೊಂಡು ಠಾಣೆಗೆ ಹೋಗಿ, ತಾನಾಗಿಯೇ ಬಂದೆ ಅಂತ ಹೇಳಿಕೆ ಕೊಡಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಈಗಲೇ ಪರಿಚಯ ಮಾಡಿಕೊಳ್ಳಿ. ಕಾನೂನು ನೆರವಿನ ಸಹಾಯವಾಣಿ 15100.

ಆ್ಯಪ್‌ನಲ್ಲಿ ಸಿಕ್ಕವನು ಫೋಟೊ ಇಟ್ಟುಕೊಂಡು ದುಡ್ಡು ಕೇಳುತ್ತಿದ್ದರೆ ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸುಲಿಗೆ ಅಪರಾಧ, ಗೇ ಆಗಿರುವುದು ಅಪರಾಧವಲ್ಲ.

ಮನಸ್ಸು ಕುಸಿದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಯಾವುದೇ ವೈದ್ಯರ ಹತ್ತಿರ ಜನರನ್ನು ಕಳಿಸುವ ಮುಂಚೆ ನಿಮ್ಮಲ್ಲಿ ಒಬ್ಬರು ಹೋಗಿ ಮಾತಾಡಿ ಬನ್ನಿ. ಗೇ, ಟ್ರಾನ್ಸ್ ಆಗಿರುವುದನ್ನೇ "ಗುಣಪಡಿಸುತ್ತೇನೆ" ಅನ್ನುವವರಿದ್ದರೆ ಅವರ ಹೆಸರನ್ನು ಪಟ್ಟಿಯಿಂದ ತೆಗೆಯಿರಿ. ಇಂಥ ಚಿಕಿತ್ಸೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಕೊನೆಯದಾಗಿ ಕೀಲಿಕೈ. ಅದು ಒಬ್ಬರ ಹತ್ತಿರವೇ ಇದ್ದರೆ, ಅವರಿಗೆ ವರ್ಗವಾದಾಗ ಅಥವಾ ಮನೆಯವರು ಮದುವೆಗೆ ಒತ್ತಾಯಿಸಿ ಓಡಾಟ ನಿಲ್ಲಿಸಿದಾಗ ಬಾಗಿಲು ಮುಚ್ಚುತ್ತದೆ. ಮೂರು ಕೀಲಿ ಮಾಡಿಸಿ. ಒಂದು ಧಾರವಾಡದವರ ಹತ್ತಿರ, ಒಂದು ಹುಬ್ಬಳ್ಳಿಯವರ ಹತ್ತಿರ ಇರಲಿ, ಮೂರನೆಯದನ್ನು ಹಿರಿಯ ಟ್ರಾನ್ಸ್ ಹೆಣ್ಣುಮಗಳೊಬ್ಬರಿಗೆ ಕೊಡಿ. ಆರು ತಿಂಗಳಿಗೊಮ್ಮೆ ಬಾಗಿಲು ತೆರೆಯುವ ಜವಾಬ್ದಾರಿಯನ್ನು ಹೊಸಬರಿಗೆ ವಹಿಸಿ.