ಅರ್ಧಕ್ಕೆ ಬಿಡಬಹುದಾದ ಕೆಲಸ

ರಾತ್ರಿ ಮಲಗುವ ಮುನ್ನ ಮೊಬೈಲ್ ಪಕ್ಕಕ್ಕಿಡಬೇಕೆಂದು ಎಷ್ಟು ಸಲ ತೀರ್ಮಾನ ಮಾಡಿದ್ದೆನೋ ಲೆಕ್ಕವಿಲ್ಲ. ಇಡುವುದೇನೂ ಕಷ್ಟವಾಗಿರಲಿಲ್ಲ. ಇಟ್ಟ ಮೇಲೆ ಕೈ ಸುಮ್ಮನಿರುತ್ತಿರಲಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ತಾನಾಗಿಯೇ ಅದರತ್ತ ಚಾಚುತ್ತಿತ್ತು. ಕೈಗೊಂದು ಕೆಲಸ ಕೊಡಬೇಕು ಎಂದು ಹೊಳೆದದ್ದು ಆಗ. ಯಾವ ಕೆಲಸ ಎಂಬುದು ಗೊತ್ತಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಮೊದಲು ತಂದದ್ದು ಸಾವಿರ ತುಂಡುಗಳ ಜಿಗ್ಸಾ ಒಗಟು. ಅದು ತುಂಬಾ ಇಷ್ಟವಾಯಿತು. ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಆಕಾಶದ ನೀಲಿ ತುಂಡುಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತಾ, ಇದೊಂದು ಕೂತುಬಿಡಲಿ, ಆಮೇಲೆ ಏಳುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಒಂದು ಗಂಟೆ ಹೊಡೆದಿರುತ್ತಿತ್ತು. 1760ರ ದಶಕದಲ್ಲಿ ಲಂಡನ್ನಿನ ನಕಾಶೆ ತಯಾರಕ ಜಾನ್ ಸ್ಪಿಲ್ಸ್‌ಬರಿ ಮರದ ಹಲಗೆಗೆ ನಕಾಶೆ ಅಂಟಿಸಿ, ದೇಶಗಳ ಗಡಿಯಗುಂಟ ಕತ್ತರಿಸಿ, ಮಕ್ಕಳಿಗೆ ಭೂಗೋಳ ಕಲಿಸಲೆಂದು ಮಾರುತ್ತಿದ್ದನಂತೆ; ಜಿಗ್ಸಾ ಹುಟ್ಟಿದ್ದು ಹಾಗೆ. ಬುದ್ಧಿಯನ್ನು ಚುರುಕುಗೊಳಿಸಲು ಹುಟ್ಟಿದ ಆಟ, ನನ್ನ ಬುದ್ಧಿಯನ್ನು ರಾತ್ರಿ ಹನ್ನೊಂದಕ್ಕೂ ಚುರುಕಾಗಿಯೇ ಇಡುತ್ತಿತ್ತು. ಪತ್ತೇದಾರಿ ಕಾದಂಬರಿಯ ಕಥೆಯೂ ಅದೇ. ದಿನಚರಿ ಬರೆದು ನೋಡಿದೆ. ಹಗಲಿನ ಜಗಳಗಳನ್ನೆಲ್ಲ ಎರಡನೆಯ ಸಲ ಆಡಿ ಮುಗಿಸಿದಂತಾಯಿತು. ಇವೆಲ್ಲ ಒಳ್ಳೆಯ ಹವ್ಯಾಸಗಳೇ. ರಜೆಯ ಮಧ್ಯಾಹ್ನ ಇವತ್ತಿಗೂ ಜಿಗ್ಸಾ ಹರಡಿಕೊಂಡು ಕೂರುತ್ತೇನೆ. ಆದರೆ ರಾತ್ರಿಯ ಹವ್ಯಾಸಕ್ಕೆ ಬೇರೆಯದೇ ಒಂದು ಗುಣ ಬೇಕು: ಯಾವ ಕ್ಷಣದಲ್ಲಾದರೂ, ಏನೂ ಕಳೆದುಕೊಳ್ಳದೆ, ಅದನ್ನು ಕೆಳಗಿಟ್ಟು ಏಳಲು ಸಾಧ್ಯವಾಗಬೇಕು.

ಆ ಗುಣ ನನಗೆ ಸಿಕ್ಕಿದ್ದು ಕ್ರೋಶೆ ಹೆಣಿಗೆಯಲ್ಲಿ. ಎರಡು ಕಡ್ಡಿಗಳಲ್ಲಿ ಹೆಣೆಯುವ ನಿಟ್ಟಿಂಗ್‌ನಲ್ಲಿ ಸಾಲಿನ ಕುಣಿಕೆಗಳೆಲ್ಲವೂ ಕಡ್ಡಿಯ ಮೇಲೆ ಕಾಯುತ್ತಿರುತ್ತವೆ; ಕಡ್ಡಿ ಜಾರಿದರೆ ಅಷ್ಟೂ ಬಿಚ್ಚಿಕೊಳ್ಳಬಹುದು. ಕ್ರೋಶೆಯಲ್ಲಿ ಇರುವುದು ಒಂದೇ ಕೊಕ್ಕೆ, ಅದರ ಮೇಲೆ ಒಂದೇ ಕುಣಿಕೆ. ಕೊಕ್ಕೆ ತೆಗೆದು, ಆ ಕುಣಿಕೆಯನ್ನು ಸ್ವಲ್ಪ ದೊಡ್ಡದು ಮಾಡಿ, ಒಂದು ಸೇಫ್ಟಿ ಪಿನ್ ಸಿಕ್ಕಿಸಿದರೆ ಮುಗಿಯಿತು. ಸಾಲಿನ ಮಧ್ಯದಲ್ಲಿ ಬಿಟ್ಟರೂ ನಾಳೆ ಅಲ್ಲಿಂದಲೇ ಮುಂದುವರಿಸಬಹುದು.

ಸಿಂಗಲ್ ಕ್ರೋಶೆ ಎನ್ನುವ ಸರಳ ಹೊಲಿಗೆಯ ನಡೆ ಇಷ್ಟು: ಹಿಂದಿನ ಸಾಲಿನ ಹೊಲಿಗೆಯ ತಲೆಯಲ್ಲಿ ಮಲಗಿದ ಇಂಗ್ಲಿಷ್ ‘ವಿ’ ಅಕ್ಷರದಂತೆ ಕಾಣುವ ಎರಡು ಎಳೆಗಳ ಕೆಳಗೆ ಕೊಕ್ಕೆ ತೂರಿಸಬೇಕು. ನೂಲನ್ನು ಹಿಡಿದು ಈಚೆಗೆ ಎಳೆದರೆ ಕೊಕ್ಕೆಯ ಮೇಲೆ ಎರಡು ಕುಣಿಕೆ ಆಗುತ್ತವೆ. ಮತ್ತೊಮ್ಮೆ ನೂಲು ಹಿಡಿದು ಎರಡರೊಳಗಿಂದಲೂ ಎಳೆದುಬಿಟ್ಟರೆ ಉಳಿಯುವುದು ಒಂದು. ತೂರಿಸು, ಎಳೆ, ಎಳೆ. ವಾರವೊಂದು ಕಳೆದ ಮೇಲೆ ಇದನ್ನು ಬೆರಳೇ ಎಣಿಸಿಕೊಳ್ಳುತ್ತದೆ, ಮನಸ್ಸಿಗೆ ಕೆಲಸವಿರುವುದಿಲ್ಲ. ಎರಡೂ ಕೈಗಳು ನೂಲಿನಲ್ಲಿ ಸಿಕ್ಕಿಕೊಂಡಿರುವುದರಿಂದ ಮೊಬೈಲ್ ಮಿನುಗಿದರೂ ಎತ್ತಿಕೊಳ್ಳಲು ಕೈ ಬಿಡುವಾಗಿರುವುದಿಲ್ಲ. ನಾನು ಒಂದು ವರ್ಷ ಹುಡುಕಿದ್ದು ಇದನ್ನೇ.

ಕಲಿಯುವಾಗ ಮಾಡಿದ ದೊಡ್ಡ ತಪ್ಪನ್ನು ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರಲ್ಲಿ ಬಹಳ ಜನ ಇದೇ ತಪ್ಪು ಮಾಡಿ ಕೈಬಿಡುತ್ತಾರೆ. 31 ಸರಪಳಿ (ಹೆಣಿಗೆಗೆ ಬುನಾದಿಯಾಗುವ, ಒಂದರೊಳಗೊಂದು ಎಳೆದ ಕುಣಿಕೆಗಳು) ಹಾಕಿ, ಕೊಕ್ಕೆಯಿಂದ ಎರಡನೆಯದರಲ್ಲಿ ಶುರುಮಾಡಿ, 30 ಹೊಲಿಗೆಯ ಚೌಕ ಹೆಣೆಯಲು ಹೊರಟೆ. ಇಪ್ಪತ್ತು ಸಾಲು ಆಗುವಷ್ಟರಲ್ಲಿ ಅದು ಮೇಲ್ಗಡೆ ಕಿರಿದಾಗಿ ಮೊಟಕು ಗೋಪುರದಂತಾಗಿತ್ತು. ಎಣಿಸಿದರೆ 24 ಹೊಲಿಗೆ. ಸಾಲಿನ ಕೊನೆಯ ಹೊಲಿಗೆ ಅಂಚಿನಲ್ಲಿ ಒರಗಿಕೊಂಡಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಆಗಾಗ ಅದನ್ನು ಬಿಟ್ಟೇ ತಿರುಗುತ್ತಿದ್ದೆ. ಉಪಾಯ ಸುಲಭ: ಪ್ರತಿ ಸಾಲಿನ ಮೊದಲ ಹೊಲಿಗೆಗೆ ಬೇರೆ ಬಣ್ಣದ ನೂಲಿನ ತುಂಡೊಂದನ್ನು ಸಿಕ್ಕಿಸಿಡುವುದು. ಮರಳಿ ಬರುವಾಗ ಆ ತುಂಡು ಇರುವ ಹೊಲಿಗೆಯೇ ಕೊನೆಯದು. ಆ ಗೋಪುರವನ್ನು ಒಂದೇ ಎಳೆ ಹಿಡಿದು ಎಳೆದೆ. ಸಾಲಿನ ಮೇಲೆ ಸಾಲು ಸರಸರನೆ ಬಿಚ್ಚಿ, ಸುರುಳಿ ಸುರುಳಿಯಾದ ನೂಲು ಮಡಿಲಿಗೆ ಬಿತ್ತು. ನೂಲಿಗೆ ಏನೂ ಆಗಿರಲಿಲ್ಲ. ಮಾಡಿದ ತಪ್ಪು ಹೀಗೆ ಪೂರ್ತಿ ಅಳಿಸಿಹೋಗುವ ಕೆಲಸ ದಿನದಲ್ಲಿ ಬೇರೆ ಯಾವುದಿದೆ?

ಸಾಮಗ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಧ್ಯಮ ದಪ್ಪದ, ನುಣುಪಾದ, ತಿಳಿ ಬಣ್ಣದ ನೂಲು ಮತ್ತು 5 ಮಿಲಿಮೀಟರ್ ಕೊಕ್ಕೆ ಸಾಕು. ಮೊದಲ ಸಲ ಚೆಂದಕ್ಕೆ ಮರುಳಾಗಿ ಕಡುನೀಲಿ ನೂಲು ಆರಿಸಿದ್ದೆ; ರಾತ್ರಿ ದೀಪದಲ್ಲಿ ಹೊಲಿಗೆಯ ತಲೆಯೇ ಕಾಣದೆ ಕಣ್ಣು ಸೋತಿತು. ದೀಪವನ್ನೂ ಬದಲಾಯಿಸಿದೆ. ಕಣ್ಣಿನ ಒಳಪರದೆಯಲ್ಲಿ ದೇಹಕ್ಕೆ ಹಗಲು ರಾತ್ರಿಯ ಸುಳಿವು ಕೊಡುವ ಕೋಶಗಳಿವೆ. ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ, ನಿದ್ರೆಯ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತವೆ. ಅದಕ್ಕೇ ಚಾವಣಿಯ ಬಿಳಿ ದೀಪ ಆರಿಸಿ, ಹೆಗಲ ಹಿಂದಿನಿಂದ ಮಡಿಲ ಮೇಲೆ ಮಾತ್ರ ಬೀಳುವಂತೆ 2700 ಕೆಲ್ವಿನ್‌ನ ಹಳದಿ ದೀಪ ಇಟ್ಟುಕೊಂಡಿದ್ದೇನೆ.

ವಿಡಿಯೋ ನೋಡಿ ಕಲಿಯುವವರಿಗೆ ಒಂದು ಮಾತು. ರಾತ್ರಿ ಹೆಣೆಯುತ್ತಾ ವಿಡಿಯೋ ನೋಡಿದರೆ ಬಿಟ್ಟ ಪರದೆ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಹೊಸದೇನನ್ನಾದರೂ ಹಗಲಿನಲ್ಲೇ ಕಲಿತು, ನಾಲ್ಕು ಸಾಲಿನಲ್ಲಿ ನೋಟ್‌ಬುಕ್ಕಿಗೆ ಬರೆದಿಟ್ಟುಕೊಳ್ಳುತ್ತೇನೆ. ವಿನ್ಯಾಸ ಅಮೆರಿಕದ್ದೋ ಬ್ರಿಟನ್ನಿನದೋ ಎಂದೂ ಗುರುತು ಹಾಕಬೇಕು. ಅಮೆರಿಕದವರ ಸಿಂಗಲ್ ಕ್ರೋಶೆಯನ್ನೇ ಬ್ರಿಟನ್ನಿನವರು ಡಬಲ್ ಕ್ರೋಶೆ ಎನ್ನುತ್ತಾರೆ. ಕಷ್ಟದ ವಿನ್ಯಾಸಗಳನ್ನು ರಾತ್ರಿಗೆ ಇಟ್ಟುಕೊಳ್ಳುವುದೇ ಇಲ್ಲ. ರಾತ್ರಿಗೆ ಒಂದೇ ಹೊಲಿಗೆ, ಉದ್ದುದ್ದ ಸಾಲು.

ಈಗ ಹೆಣೆಯುತ್ತಿರುವುದು 120 ಹೊಲಿಗೆ ಅಗಲದ ಹೊದಿಕೆ. ಮಣಿಕಟ್ಟು ನೋಯದಿರಲೆಂದು ಸಾಲಿನ ಕೊನೆಯಲ್ಲಿ ಬೆರಳುಗಳನ್ನು ಬಿಡಿಸಿ ಚಾಚುತ್ತೇನೆ. ಒಂದು ಸಾಲಿಗೆ ಕಾಲು ಗಂಟೆ, ದಿನಕ್ಕೆ ಎರಡು ಸಾಲು. ಹೊದಿಕೆ ಒಂದು ಸೆಂಟಿಮೀಟರಿಗಿಂತ ಕೊಂಚ ಹೆಚ್ಚು ಬೆಳೆಯುತ್ತದೆ. ಇದರ ನಡುವೆ ಒಂದೆಡೆ ಆರು ಸಾಲು ಬಿಗಿದುಕೊಂಡು, ಅಂಚು ಒಳಗೆ ಸರಿದಿದೆ. ಹೊಲಿಗೆ ಎಣಿಸಿದರೆ ಸರಿಯಾಗಿ 120 ಇವೆ. ನೂಲೂ ಅದೇ, ಕೊಕ್ಕೆಯೂ ಅದೇ. ಕಚೇರಿಯಲ್ಲಿ ಬಹಳ ಕಷ್ಟಪಟ್ಟ ಮೂರು ದಿನಗಳ ಹೆಣಿಗೆ ಅದು. ಕೈ ನೂಲನ್ನು ಅಷ್ಟು ಬಿಗಿಯಾಗಿ ಹಿಡಿದಿದೆ ಎಂದು ಆಗ ನನಗೇ ತಿಳಿದಿರಲಿಲ್ಲ. ನಾಲ್ಕನೆಯ ದಿನದ ಸಾಲಿನಿಂದ ಅಂಚು ಮತ್ತೆ ಹೊರಗೆ ಬಂದಿದೆ. ಬಿಚ್ಚಿ ಸರಿಮಾಡಬಹುದಿತ್ತು, ಮನಸ್ಸಾಗಲಿಲ್ಲ. ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.

ನಿನ್ನೆ ಎಪ್ಪತ್ತನೆಯ ಹೊಲಿಗೆಗೆ ಆಕಳಿಕೆ ಬಂತು. ಕುಣಿಕೆಗೆ ಪಿನ್ ಸಿಕ್ಕಿಸಿ ದೀಪ ಆರಿಸಿದೆ. ಇವತ್ತು ಎಪ್ಪತ್ತೊಂದರಿಂದ.