ಕಲಾಂ ಎಷ್ಟನೇ ರಾಷ್ಟ್ರಪತಿ?

ಪ್ರಾಥಮಿಕ ಶಾಲೆಯ ಮೇಷ್ಟ್ರಾಗಲು ಓದುವ ಡಿ.ಇಎಲ್.ಇಡಿ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬಾಯಿ ತೆಗೆಯೋದೇ ಕಷ್ಟ. ಸರ್ಕಾರಿ ಶಾಲೆಗಳಿಗೆ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂದಿದೆ. ನಾಳೆ ಅದನ್ನು ಕಲಿಸಬೇಕಾದವರು ಇವರೇ.

ಅದಕ್ಕೇ ಒಂದು ವಾಟ್ಸಾಪ್ ಗುಂಪು ಮಾಡಿದೆ. ನಿಯಮ ಒಂದೇ, ಇಂಗ್ಲಿಷಲ್ಲೇ ಬರೆಯಬೇಕು. ಮೊದಲ ವಾರ ಗುಂಪು ಗಿಜಿಗುಡುತ್ತಿತ್ತು. ಮೂರನೇ ವಾರಕ್ಕೆ 'ಗುಡ್ ಮಾರ್ನಿಂಗ್ ಸರ್' ಮತ್ತು ಗುಲಾಬಿ ಹೂವಿನ ಚಿತ್ರಗಳಷ್ಟೇ ಉಳಿದವು.

ತಪ್ಪು ನನ್ನದೇ. ಯಾರು ಏನೇ ಬರೆದರೂ ಐದು ನಿಮಿಷದಲ್ಲಿ ತಿದ್ದಿ ಹಾಕುತ್ತಿದ್ದೆ. ಒಬ್ಬಳು 'ಮೈ ಹೆಡ್‌ಮಾಸ್ಟರ್ ಈಸ್ ಸ್ಟ್ರಿಕ್ಟ್, ಬಟ್ ದೇ ಆರ್ ಗುಡ್' ಅಂತ ಬರೆದಳು. 'ದೇ ಅಲ್ಲಮ್ಮ, ಹೀ' ಅಂದೆ. ಎಲ್ಲರೆದುರು. ಆಮೇಲೆ ಎರಡು ತಿಂಗಳು ಅವಳ ಸುದ್ದಿಯೇ ಇಲ್ಲ. ಈಗ ಯೋಚಿಸಿದರೆ ಅವಳದು ಮರ್ಯಾದೆಯಿಂದ ಆದ ತಪ್ಪು. ಕನ್ನಡದಲ್ಲಿ ಹೆಡ್‌ಮಾಸ್ಟರನ್ನು 'ಅವನು' ಅನ್ನೋಕೆ ಆಗುತ್ತಾ? 'ಅವರು' ಅನ್ನೋದನ್ನೇ ಇಂಗ್ಲಿಷಿಗೆ ತಂದಿದ್ದಳು, ಅಷ್ಟೇ.

ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, 1963ರಲ್ಲಿ ಶುರುವಾದದ್ದು. ಅಲ್ಲಿಗೆ ತರಬೇತಿಗೆ ಹೋದಾಗ ತಮಿಳು, ಮಲಯಾಳಂ ಮಾತಾಡುವ ಮೇಷ್ಟ್ರುಗಳ ಜೊತೆ ಊಟದ ಸಾಲಲ್ಲಿ ನಿಂತು ಹರಟಿದ್ದು ನೆನಪಾಯಿತು. ಸಾಂಬಾರಿನ ಬಗ್ಗೆ ಜಗಳ ಆಡಬೇಕಿದ್ದರೂ ನಮಗಿದ್ದದ್ದು ಇಂಗ್ಲಿಷ್ ಒಂದೇ. ಯಾರೂ ಯಾರನ್ನೂ ತಿದ್ದಲಿಲ್ಲ. ನನ್ನ ಹುಡುಗರಿಗೆ ಆ ಅನಿವಾರ್ಯ ಇಲ್ಲ, ಎಲ್ಲರಿಗೂ ಕನ್ನಡ ಬರುತ್ತದೆ. ಹಾಗಾಗಿ ಬರೆಯಲೇಬೇಕು ಅನ್ನಿಸುವ ಜಗಳವನ್ನಾದರೂ ಹುಡುಕಿ ಕೊಡಬೇಕಿತ್ತು.

ಮುಂದಿನ ಬ್ಯಾಚಿನಲ್ಲಿ 36 ಜನ. ಆರಾರು ಜನರ ಆರು ಗುಂಪು ಮಾಡಿದೆ. ಬೆಳಗ್ಗೆ ಒಂದು ಪ್ರಶ್ನೆ ಬರುತ್ತದೆ. ಮರುದಿನ ರಾತ್ರಿ ಎಂಟರವರೆಗೆ ನಾನು ಒಂದಕ್ಷರ ಬರೆಯುವಂತಿಲ್ಲ. ಅವರೂ ಒಬ್ಬರಿಗೊಬ್ಬರು 'ರಾಂಗ್' ಅನ್ನುವಂತಿಲ್ಲ. ಬೇರೆ ಥರ ಹೇಳಬೇಕು ಅನ್ನಿಸಿದರೆ ಆ ಮಾತನ್ನು ತಮ್ಮ ಉತ್ತರದಲ್ಲಿ ತಮ್ಮ ಥರ ಬರೆದರಾಯಿತು. ಎರಡು ದಿನದ ಗಡುವು ಇಟ್ಟದ್ದು ಒಬ್ಬ ಹುಡುಗಿಯಿಂದಾಗಿ. ಅವಳಿಗೆ ಸ್ವಂತ ಫೋನ್ ಇರಲಿಲ್ಲ. ಅಪ್ಪ ಕೆಲಸ ಮುಗಿಸಿ ಬಂದ ಮೇಲೆ, ರಾತ್ರಿ ಒಂಬತ್ತಕ್ಕೆ ಅವಳ ಸರದಿ.

ಒಂದು ಸಲ ಪ್ರಶ್ನೆ ಅವರಿಂದಲೇ ಬಂತು. ಪಾಠ ಅಭ್ಯಾಸಕ್ಕೆ ಹೋದವಳನ್ನು ಐದನೇ ಕ್ಲಾಸಿನ ಹುಡುಗ ಕೇಳಿದನಂತೆ, "ಮಿಸ್, ಎಷ್ಟನೇ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ?" ಎಷ್ಟನೇ ಕ್ಲಾಸ್ ಅನ್ನೋದಕ್ಕೆ 'ವಿಚ್ ಕ್ಲಾಸ್' ಅಂತ ಹೇಳಿ ಪಾರಾಗಿದ್ದಳು. "ಹಂಗಾದ್ರೆ ಕಲಾಂ ಎಷ್ಟನೇ ರಾಷ್ಟ್ರಪತಿ?" ಅಂದಾಗ ಸಿಕ್ಕಿಬಿದ್ದಳು.

ಗುಂಪಿನಲ್ಲಿ ಮೊದಲು 'ಹೌ ಮೆನಿಯತ್ ಪ್ರೆಸಿಡೆಂಟ್' ಬಂತು. ಇನ್ನೊಬ್ಬಳು 'ವಾಟ್ ನಂಬರ್ ಪ್ರೆಸಿಡೆಂಟ್' ಅಂದಳು. ಒಬ್ಬ ಜಾಣ 'ಕಲಾಂ ವಾಸ್ ದಿ ಡ್ಯಾಶ್ ಪ್ರೆಸಿಡೆಂಟ್ ಆಫ್ ಇಂಡಿಯಾ' ಅಂತ ಬಿಟ್ಟ ಸ್ಥಳ ತುಂಬಿರಿ ಮಾಡಿ ಕೈತೊಳೆದುಕೊಂಡ. ಕೊನೆಗೆ ರಾತ್ರಿ ಒಂಬತ್ತರ ಹುಡುಗಿ ಬರೆದಳು, 'ಹೌ ಮೆನಿ ಪ್ರೆಸಿಡೆಂಟ್ಸ್ ಕೇಮ್ ಬಿಫೋರ್ ಕಲಾಂ?' ಉತ್ತರ ಹತ್ತು, ಹಾಗಾಗಿ ಕಲಾಂ ಹನ್ನೊಂದನೆಯವರು.

ಅಲ್ಲಿಗೆ ಮುಗೀಬೇಕಿತ್ತು ಅಲ್ವಾ? ಜಮಖಂಡಿ ಕಡೆಯ ಹುಡುಗ ಬಿಡಲಿಲ್ಲ. ಹತ್ತು ಹೇಗೆ, ನಮ್ಮ ಸಾವಳಗಿಯ ಬಿ.ಡಿ. ಜತ್ತಿಯವರು ಎಲ್ಲಿ ಹೋದರು ಅಂತ ಶುರು ಮಾಡಿದ. 1977ರಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡ ಮೇಲೆ ಜತ್ತಿಯವರು ಹಂಗಾಮಿ ರಾಷ್ಟ್ರಪತಿ ಆಗಿದ್ದರು. ಆದರೆ 'ಹಂಗಾಮಿ'ಗೆ ಅವನ ಹತ್ತಿರ ಪದ ಇರಲಿಲ್ಲ. ನಮ್ಮ ಶಾಲೆಗಳಲ್ಲಿ ಇನ್‌ಚಾರ್ಜ್ ಹೆಡ್‌ಮಾಸ್ಟರ್ ಇರುತ್ತಾರಲ್ಲ, ಹಾಗೇ 'ಇನ್‌ಚಾರ್ಜ್ ಪ್ರೆಸಿಡೆಂಟ್' ಅಂತ ಬರೆದ. ನಗು ಬಂತು, ಆದರೆ ನಾನು ಬರೆಯುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬಳು, ಆ ಲೆಕ್ಕದಲ್ಲಿ 1969ರ 'ಆಕ್ಟಿಂಗ್ ಪ್ರೆಸಿಡೆಂಟ್' ಹಿದಾಯತುಲ್ಲಾ ಅವರನ್ನೂ ಸೇರಿಸಬೇಕಲ್ಲ ಅಂತ ಕೇಳಿದಳು. ಹುಡುಗನ ಮುಂದಿನ ಸಂದೇಶದಲ್ಲಿ ಇನ್‌ಚಾರ್ಜ್ ಹೋಗಿ 'ಆಕ್ಟಿಂಗ್' ಬಂದಿತ್ತು. ಯಾರೂ ತಿದ್ದಿರಲಿಲ್ಲ. ಒಟ್ಟು 61 ಸಂದೇಶ, ಆರೇ ಜನರಿಂದ.

ಮರುದಿನ ಎಂಟಕ್ಕೆ ನಾನು ಬರೆದದ್ದು ಎರಡೇ ಸಾಲು. 'ಎಷ್ಟನೇ'ಗೆ ಇಂಗ್ಲಿಷಲ್ಲಿ ಸಲೀಸಾದ ಒಂದು ಪದ ಇಲ್ಲ, ವಾಕ್ಯವನ್ನೇ ತಿರುಗಿಸಬೇಕು, ನೀವು ಅದನ್ನೇ ಮಾಡಿದ್ದೀರಿ ಅಂತ.

ಎಲ್ಲ ದಿನವೂ ಹೀಗಿರುವುದಿಲ್ಲ. 'ಪರಿಸರ ಮಾಲಿನ್ಯ'ದಂಥ ವಿಷಯ ಕೊಟ್ಟರೆ ಹತ್ತು ನಿಮಿಷದಲ್ಲಿ ಒಂದು ಅಲ್ಪವಿರಾಮವೂ ತಪ್ಪದ ಇಂಗ್ಲಿಷ್ ಬಂದು ಬೀಳುತ್ತದೆ. ಎಲ್ಲಿಂದ ಅಂತ ಗೊತ್ತಲ್ಲ! ಬೈದು ಪ್ರಯೋಜನ ಇಲ್ಲ. ಈಗ ಅಂಥ ವಿಷಯಗಳನ್ನೇ ಕೊಡುವುದಿಲ್ಲ. ನಿಮ್ಮ ಕ್ಲಾಸಿನಲ್ಲಿ ಇವತ್ತು ಯಾವ ಮಗು ಅತ್ತಿತು, ನೀವೇನು ಮಾಡಿದಿರಿ ಅಂತ ಕೇಳುತ್ತೇನೆ. ಅದು ಯಾವ ಫೋನಿಗೂ ಗೊತ್ತಿರುವುದಿಲ್ಲ.

ಬರೆದು ಬರೆದು ಮಾತು ಬಂದುಬಿಡುತ್ತದೆ ಅಂತಲೂ ಅಂದುಕೊಂಡಿದ್ದೆ, ಬರಲಿಲ್ಲ. ಬರವಣಿಗೆಯಲ್ಲಿ ಜೋರಾಗಿದ್ದವರು ಕ್ಲಾಸಿನಲ್ಲಿ ಮತ್ತೆ ನೆಲ ನೋಡುತ್ತಾರೆ. ಅದಕ್ಕೆ ಈ ವರ್ಷದಿಂದ ವಾರಕ್ಕೊಂದು ವಾಯ್ಸ್ ನೋಟ್ ಕಡ್ಡಾಯ ಮಾಡಿದ್ದೇನೆ, ಒಂದು ನಿಮಿಷದ್ದು. ಸುಮಾರು ಜನ ಕಳಿಸಿ ಡಿಲೀಟ್ ಮಾಡುತ್ತಾರೆ. ಮೊದಲು ಡಿಲೀಟ್ ಮಾಡದೆ ಉಳಿಸಿದ ಹುಡುಗಿಯದರಲ್ಲಿ ಕುಕ್ಕರ್ ಕೂಗುತ್ತದೆ. ಹಿಂದಿನಿಂದ ಅವಳ ಅಮ್ಮ, "ಯಾರ್ ಜೋಡಿ ಮಾತಾಡಾಕತ್ತೀಯವಾ, ಅನ್ನ ಹೊತ್ತೈತಿ ನೋಡು" ಅನ್ನುವುದೂ ಸ್ಪಷ್ಟವಾಗಿ ಕೇಳುತ್ತದೆ. ಗುಂಪಿನವರು ಅವಳ ಇಂಗ್ಲಿಷನ್ನು ಬಿಟ್ಟು, ಅಮ್ಮನ ಮಾತನ್ನು ಇಂಗ್ಲಿಷಿಗೆ ತರಲು ಹೊರಟಿದ್ದಾರೆ. 'ರೈಸ್ ಈಸ್ ಬರ್ನಿಂಗ್' ಆಯಿತು. ಆ 'ಮಾತಾಡಾಕತ್ತೀಯವಾ'ದಲ್ಲಿರುವ 'ಅವ್ವಾ'ನನ್ನು ಏನು ಮಾಡೋದು ಅಂತ ಜಗಳ ನಡೀತಿದೆ.